ಮೊಳದ ಮೇಲೆ ಎರಡು ಬೆರಳು

ಬೆಳಿಗ್ಗೆ ಆರು ಗಂಟೆ ಇಪ್ಪತ್ತೆರಡು ನಿಮಿಷ. ಸೀತಾಲಕ್ಷ್ಮಿ ಜಯನಗರದ ತಮ್ಮ ಮನೆಯ ಗೇಟಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಮುಗಿದುಹೋದ ರಂಗೋಲಿಗೆ ಬೇಡದ ಎಳೆಗಳನ್ನು ಸೇರಿಸುತ್ತಿದ್ದರು. ಐದು ಎಳೆ ಹೆಚ್ಚಾಯಿತು. ಎದುರುಮನೆಯ ಮೆಟ್ಟಿಲ ಮೇಲಿನ ನಗು ಇನ್ನೂ ನಿಂತಿರಲಿಲ್ಲ.

ನಗುತ್ತಿದ್ದವಳು ಹೂವಿನ ಮುನಿಲಕ್ಷ್ಮಮ್ಮ. ಜೊತೆಗಿದ್ದವಳು ಎಂಟು ತಿಂಗಳ ಹಿಂದೆ ಆ ಮನೆಗೆ ಬಾಡಿಗೆಗೆ ಬಂದ ಸಮನ್ವಿತಾ.

ಸೀತಾಲಕ್ಷ್ಮಿ ಎದ್ದು ಒಳಗೆ ಬಂದರು. ಪೇಪರ್ ಹಿಡಿದು ಕೂತಿದ್ದ ಗಂಡ ಚಕ್ರಪಾಣಿ ಕಣ್ಣೆತ್ತದೆ ಕೇಳಿದರು, "ಇವತ್ತೆಷ್ಟು?"

"ಹನ್ನೊಂದು ನಿಮಿಷ. ನಮ್ಮನೇಲಿ ಒಂದೂವರೆ."

"ನೀನು ಕಾಯ್ತಿರೋದು ಹೂವಿಗೋ, ಟ್ರೇನಿಗೋ?"

ಮೂವತ್ತೊಂದು ವರ್ಷ ಹೆಣ್ಣುಮಕ್ಕಳ ಕಾಲೇಜಿನ ಫಿಸಿಕ್ಸ್ ಲ್ಯಾಬ್ ನೋಡಿಕೊಂಡವರು ಸೀತಾಲಕ್ಷ್ಮಿ. ಅಳೆಯದೆ ಏನನ್ನೂ ನಂಬಿದವರಲ್ಲ. ನಿವೃತ್ತರಾಗಿ ಆರು ವರ್ಷವಾಗಿತ್ತು. ಡಿಕಾಕ್ಷನ್ ಇಳಿಯುತ್ತದೆ, ಪೇಪರ್ ಬರುತ್ತದೆ, ಸಂಜೆ ಪಾರ್ಕಿನಲ್ಲಿ ನಾಲ್ಕು ಸುತ್ತು ಆಗುತ್ತದೆ. ಅವೆಲ್ಲ ತಾವಾಗಿ ನಡೆಯುವಂಥವು. ಎದ್ದ ಕೂಡಲೇ ಮನಸ್ಸು ಎದುರುನೋಡುತ್ತಿದ್ದದ್ದು ಒಂದನ್ನೇ: ಮುನಿಲಕ್ಷ್ಮಮ್ಮನ "ಹೂವಾ" ಅನ್ನುವ ಕೂಗು.

ಹಿಂದೆ ಆ ರಸ್ತೆಯಲ್ಲಿ ಅವಳು ಹೂವು ಕೊಡುತ್ತಿದ್ದ ಕೊನೆಯ ಮನೆ ಇದೇ ಆಗಿತ್ತು. ಬುಟ್ಟಿ ಇಳಿಸಿ ಗೇಟಿನ ಪಕ್ಕದ ಕಟ್ಟೆಯ ಮೇಲೆ ಕೂರುತ್ತಿದ್ದಳು. ಕಾಫಿ ಕುಡಿಯುತ್ತ ಮಾರ್ಕೆಟ್ಟಿನ ಜಗಳ, ಕೋಣನಕುಂಟೆಯಲ್ಲಿ ತಾವು ಕನಕಾಂಬರ ಬೆಳೆಯುತ್ತಿದ್ದ ಜಾಗದಲ್ಲಿ ಎದ್ದ ನಾಲ್ಕಂತಸ್ತಿನ ಕಟ್ಟಡ, ಸೊಸೆಯ ಗೊರಕೆ, ಎಲ್ಲ ಹೇಳುತ್ತಿದ್ದಳು. ಈಗ ಕೊನೆಯ ಮನೆ ಎದುರುಮನೆ. ಕಾಫಿಯೂ ಅಲ್ಲೇ.

"ಆ ಹುಡುಗಿಗೆ ಮೊಳ ಉದ್ದ ಕೊಡ್ತಾಳೆ ರೀ," ಎಂದರು ಸೀತಾಲಕ್ಷ್ಮಿ. "ಇಲ್ಲಿಂದಲೇ ಕಾಣುತ್ತೆ."

"ಇಲ್ಲಿಂದ ನಿಂಗೆ ಬಸ್ಸಿನ ನಂಬರೇ ಕಾಣಲ್ಲ."

ಆದರೂ ಅನುಮಾನ ಹೋಗಲಿಲ್ಲ. ನಗು ಹೆಚ್ಚು ಸಿಕ್ಕ ಕಡೆ ಹೂವೂ ಹೆಚ್ಚು ಸಿಗಲೇಬೇಕಲ್ಲ?

ಅವಕಾಶ ತಾನಾಗಿ ಬಂತು. ಮಂಗಳವಾರ ಸಂಜೆ ಸಮನ್ವಿತಾ ಗೇಟಿನ ಹತ್ತಿರ ಬಂದಳು. "ಆಂಟಿ, ನಾಳೆ ಬೆಳಿಗ್ಗೆ ಐದಕ್ಕೇ ಹೊರಗೆ ಹೋಗ್ಬೇಕು. ನನ್ನ ಮೊಳಾನೂ ನೀವೇ ತಗೊಂಡಿಡ್ತೀರಾ? ಹತ್ತಕ್ಕೆ ಬಂದು ಇಸ್ಕೊಳ್ತೀನಿ."

ಬುಧವಾರ ಮುನಿಲಕ್ಷ್ಮಮ್ಮ ಎರಡು ಮೊಳ ಮಲ್ಲಿಗೆಯನ್ನು ಬೇರೆ ಬೇರೆ ಬಾಳೆಲೆಯ ಚೂರಿನಲ್ಲಿ ಸುತ್ತಿ ಕೊಟ್ಟಳು. "ಇದು ನಿಮ್ದು, ಇದು ಆ ಮಗೀದು." ಬುಟ್ಟಿ ಎತ್ತಿಕೊಂಡು ಹೊರಟೇಹೋದಳು. ಎದುರುಮನೆ ಮುಚ್ಚಿದ್ದ ದಿನವೂ ಇಲ್ಲಿ ಒಂದೂವರೆ ನಿಮಿಷವೇ.

ಸೀತಾಲಕ್ಷ್ಮಿ ಡೈನಿಂಗ್ ಟೇಬಲ್ಲಿನ ಮೇಲೆ ಒದ್ದೆ ಬಟ್ಟೆ ಹಾಸಿ, ಲ್ಯಾಬಿನ ಕಾಲದ ಸ್ಟೀಲ್ ಪಟ್ಟಿ ತಂದರು. ಹೂವನ್ನು ಜಗ್ಗದೆ, ಸಡಿಲ ಬಿಡದೆ, ಒಂದೊಂದನ್ನೂ ಮೂರು ಸಲ ಅಳೆದರು. ಸಮನ್ವಿತಾಳದು ಹದಿನಾರು ಇಂಚು. ಅವರದು ಅದಕ್ಕಿಂತ ಎರಡು ಇಂಚು ಹೆಚ್ಚು.

ನಾಲ್ಕನೆಯ ಸಲ ಅಳೆದರು. ವ್ಯತ್ಯಾಸ ಹಾಗೇ ಇತ್ತು.

"ಕೇಸ್ ವಜಾ," ಎಂದರು ಬಾಗಿಲಲ್ಲಿ ನಿಂತು ನೋಡುತ್ತಿದ್ದ ಚಕ್ರಪಾಣಿ.

ಹತ್ತು ಗಂಟೆಯವರೆಗೆ ಸೀತಾಲಕ್ಷ್ಮಿ ಗೆದ್ದವರಂತೆ ಓಡಾಡಿದರು. ಹುಳಿಗೆ ಒಗ್ಗರಣೆ ಹಾಕುವಾಗ ಸಣ್ಣಗೆ ಹಾಡಿಕೊಂಡರು ಕೂಡ. ಹತ್ತಕ್ಕೆ ಸಮನ್ವಿತಾ ಬಂದಳು.

"ಥ್ಯಾಂಕ್ಸ್ ಆಂಟಿ. ಮುನಿಯಕ್ಕ ಬೈದ್ರಾ? ಇವತ್ತು ಪಾಠ ಮಿಸ್ ಆಯ್ತು."

"ಏನು ಪಾಠ?"

"ಹೂ ಕಟ್ಟೋದು! ಎಂಟು ತಿಂಗಳಿಂದ ಹೇಳ್ಕೊಡ್ತಿದಾರೆ, ನಂಗಿನ್ನೂ ಒಂದು ಗಂಟು ನೆಟ್ಟಗೆ ಬರಲ್ಲ. 'ಅಷ್ಟುದ್ದ ಓದಿದ್ದೀಯ, ದಾರ ನಿನ್ ಮಾತು ಕೇಳಕಿಲ್ವಾ' ಅಂತ ಬಿದ್ದೂ ಬಿದ್ದೂ ನಗ್ತಾರೆ."

ಅವಳು ಹೋದ ಮೇಲೆ ಸೀತಾಲಕ್ಷ್ಮಿ ಸ್ಟೀಲ್ ಪಟ್ಟಿಯನ್ನು ಒಳಗೆ ಎತ್ತಿಟ್ಟರು. ಹೊಟ್ಟೆಕಿಚ್ಚು ಆರಿತೆಂದುಕೊಂಡಿದ್ದರು. ಅದು ಮತ್ತಷ್ಟು ಹೊತ್ತಿಕೊಂಡಿತು. ಸಾವಿರಾರು ಹುಡುಗಿಯರಿಗೆ ಲ್ಯಾಬಿನಲ್ಲಿ ರೀಡಿಂಗ್ ತೆಗೆಯುವುದನ್ನು ಕಲಿಸಿದವರು ತಾವು. ಹತ್ತೊಂಬತ್ತು ವರ್ಷದಿಂದ ಹೂವು ಕೊಂಡರೂ ಮುನಿಲಕ್ಷ್ಮಮ್ಮನಿಂದ ಒಂದು ಗಂಟನ್ನೂ ಕೇಳಿ ಕಲಿತಿರಲಿಲ್ಲ. ಅವಳನ್ನು ಒಂದು ದಿನವೂ ಅಕ್ಕ ಎಂದಿರಲಿಲ್ಲ. ಆ ಹುಡುಗಿ ಕಡಿಮೆ ಹೂವು ತೆಗೆದುಕೊಂಡು ಉಳಿದದ್ದೆಲ್ಲವನ್ನೂ ಕೊಂಡುಹೋಗಿದ್ದಳು. ಹಾಗಾದರೆ ತಮಗೆ ಈ ಎರಡು ಇಂಚು ಯಾತಕ್ಕೆ?

ಗುರುವಾರ ರಂಗೋಲಿ ಚಿಕ್ಕದಾಯಿತು. ಮುನಿಲಕ್ಷ್ಮಮ್ಮ ಬುಟ್ಟಿ ಇಳಿಸುವ ಮೊದಲೇ ಸೀತಾಲಕ್ಷ್ಮಿ ಹೇಳಿದರು, "ನಂಗೂ ಎಲ್ಲರ ಥರ ಒಂದು ಮೊಳ ಸಾಕು. ಯಾಕೆ ಎರಡು ಬೆರಳು ಜಾಸ್ತಿ ಹಾಕ್ತೀಯ?"

ಮುನಿಲಕ್ಷ್ಮಮ್ಮ ಬೆಪ್ಪಾಗಿ ನೋಡಿದಳು. "ನೀವೇ ಹೇಳಿದ್ರಲ್ಲಮ್ಮ."

"ನಾನಾ? ಯಾವಾಗ?"

"ಮೊದಲ್ನೇ ದಿವ್ಸ. ಕಾಲೇಜಿಗೆ ಹೊಂಟಿದ್ರಿ. ಮೊಳ ಗಿಡ್ಡ ಐತೆ ಅಂದ್ರಿ. ಬ್ಯಾಗಿಂದ ಸ್ಟೀಲ್ ಪಟ್ಟಿ ತೆಗೆದು ನನ್ ಕೈಗೇ ಇಟ್ಟು ನೋಡಿದ್ರಿ. ಇಲ್ಲಿಂದ, ಇಲ್ಲೀಗಂಟ." ಮೊಣಕೈ ಮುಟ್ಟಿ, ನಡುಬೆರಳ ತುದಿ ಮುಟ್ಟಿ ತೋರಿಸಿದಳು. "ನಾಲ್ಕ್ ಜನ ಹೆಂಗಸ್ರು ನಿಂತಿದ್ರು."

ಸೀತಾಲಕ್ಷ್ಮಿಗೆ ಪಟ್ಟಿ ನೆನಪಿತ್ತು. ಕೈ ನೆನಪಿರಲಿಲ್ಲ.

"ಇಷ್ಟು ವರ್ಷ ಯಾಕೆ ಒಂದು ಮಾತೂ ಆಡ್ಲಿಲ್ಲ?"

"ಆಡಿದ್ರೆ ಕೈ ಉದ್ದ ಆಯ್ತದಾ?" ಮುನಿಲಕ್ಷ್ಮಮ್ಮ ನಕ್ಕಳು. ಈ ಗೇಟಿನಲ್ಲಿ ಆ ನಗು ಕೇಳಿ ಎಂಟು ತಿಂಗಳಾಗಿತ್ತು.

ಎದುರುಮನೆಯ ಮೆಟ್ಟಿಲಿಂದ ಸಮನ್ವಿತಾ ಕೂಗಿದಳು. "ಮುನಿಯಕ್ಕಾ, ಕಾಫಿ ಆರ್ತಿದೆ!"

ಮುನಿಲಕ್ಷ್ಮಮ್ಮನ ಕೈ ಬುಟ್ಟಿಯ ಕಡೆ ಹೋಯಿತು. ಸೀತಾಲಕ್ಷ್ಮಿಯ ಬಾಯಿಂದ ಮಾತು ಅವಸರದಲ್ಲಿ ಬಂತು. "ನಂಗೂ ಹೂ ಕಟ್ಟೋದು ಹೇಳ್ಕೊಡ್ತೀಯಾ... ಹೇಳ್ಕೊಡ್ತೀರಾ?"

ಮುನಿಲಕ್ಷ್ಮಮ್ಮ ಅವರನ್ನೇ ನೋಡಿದಳು. "ನೀವಾ? ಗಂಟುಗಂಟಿಗೂ ಪಟ್ಟಿ ಇಡ್ತೀರಿ, ತಾಯಿ."

"ಇಡಲ್ಲ."

"ಆ ಮಗೂನೂ ಇಲ್ಲಿಗೇ ಕರೀಲಾ?"

ಸೀತಾಲಕ್ಷ್ಮಿಗೆ ಬೇಡ ಎನ್ನಬೇಕೆನಿಸಿತು. "ಕರೀರಿ. ಕಾಫಿ ಮಾತ್ರ ನಂದು."

ಮುನಿಲಕ್ಷ್ಮಮ್ಮ ಹಳೆಯ ಕಟ್ಟೆಯ ಮೇಲೆ ಕೂತಳು. ಮೊದಲು ಇವತ್ತಿನ ಮಲ್ಲಿಗೆ. ಮೊಣಕೈಯಿಂದ ಬೆರಳ ತುದಿಗೆ ಎಳೆದಳು. ಅದರ ಮೇಲೆ ಎರಡು ಬೆರಳಿನಷ್ಟು ಹೆಚ್ಚು ಬಿಟ್ಟು, ದಾರ ಕಡಿದಳು.

"ಒಂದೇ ಮೊಳ ಸಾಕು ಅಂದೆನಲ್ಲ!"

"ಒಂದೇ ಕೊಟ್ಟಿರಾದು. ಮೊಳ ಎಷ್ಟು ಅಂತ ನೀವೇ ನಂಗೆ ಹೇಳ್ಕೊಟ್ಟಿರಾದು." ಹತ್ತೊಂಬತ್ತು ವರ್ಷದ ಹಿಂದಿನ ಸೀತಾಲಕ್ಷ್ಮಿಯ ಧ್ವನಿಯನ್ನೇ ತಂದುಕೊಂಡು, ಕತ್ತು ನೆಟ್ಟಗೆ ಮಾಡಿ ಅಂದಳು, "ಹದಿನೆಂಟು ಇಂಚು."