ಲಾರಿಯ ಕೊನೆಯ ಜಾಗದ ಸವಾಲು

೧೯೯೩ರಲ್ಲಿ ನಾನು ಐನಾಪುರದಲ್ಲಿ ರೈತರ ಮಾಲು ಮಾರಿಸಿಕೊಡುವ ಒಂದು ಅಡತಿ ಅಂಗಡಿಯಲ್ಲಿ ಬೆಲ್ಲದ ಸವಾಲು, ಅಂದರೆ ಹರಾಜು, ಕೂಗುತ್ತಿದ್ದೆ. ಓದಿದ್ದು ಮ್ಯಾಟ್ರಿಕ್‌ವರೆಗೆ, ಅನ್ನ ಕೊಟ್ಟದ್ದು ಗಂಟಲು. ಗಿರಾಕಿಯ ಕಣ್ಣಲ್ಲಿ ಗರಜು, ಬೇಕೇ ಬೇಕೆಂಬ ಅಗತ್ಯ, ಕಂಡರೆ ಹಿಂದಿನಿಂದ ಯಾರೋ ಬೆಲೆ ಏರಿಸಿದಂತೆ ನಾನೇ ಒಂದು ಅಂಕಿ ಕೂಗುತ್ತಿದ್ದೆ. ಗರಜು ಇದ್ದವ ಮತ್ತೆ ಏರುತ್ತಿದ್ದ. ಆ ಇಲ್ಲದ ದನಿಗೆ ನಾನಿಟ್ಟ ಹೆಸರು ಗಾಳಿಕೂಗು.

ಆ ವರ್ಷ ಲಾತೂರಿನ ಕಡೆ ಭೂಮಿ ನಡುಗಿ ಊರೂರೇ ಮಣ್ಣಾದವು. ಕಲ್ಲುಮಣ್ಣು ಎತ್ತಲು ನಮ್ಮೂರ ಹುಡುಗರು ಹೊರಟು ನಿಂತರು. ಲಾರಿ ಬಾಡಿಗೆಗೆ ಇನ್ನೂ ಮುನ್ನೂರು ರೂಪಾಯಿ ಬೇಕಿತ್ತು. ಬಸದಿಯಲ್ಲಿ ಮೊದಲ ಅಭಿಷೇಕಕ್ಕೆ ಸವಾಲು ನಡೆಯುವುದು ನಮ್ಮಲ್ಲಿ ರೂಢಿ. ಹಾಗೆಯೇ ಲಾರಿಯಲ್ಲಿ ಉಳಿದಿದ್ದ ಒಂದೇ ಜಾಗವನ್ನೂ ಸವಾಲಿಗಿಡೋಣ ಎಂದರು ಹಿರಿಯರು. ಕೂಗುವ ಕೆಲಸ ನನಗೆ ಬಂತು.

ಗೋಡೆ ಕಟ್ಟುವ ಗೌಂಡಿ ದಸ್ತಗೀರ ಮಧ್ಯಾಹ್ನವೇ ನನ್ನ ಬಳಿ ಬಂದಿದ್ದ. “ಭೂಪಾಲಣ್ಣಾ, ತಂಗೀನ ಆ ಕಡೆ ಕೊಟ್ಟೇನ್ರಿ. ಬದುಕ್ಯಾಳೋ ಇಲ್ಲೋ, ಒಂದು ಸುದ್ದಿ ಇಲ್ಲ. ನಾ ಹೋಗಬೇಕ್ರಿ.”

ಸಂಜೆ ಚಾವಡಿಯ ಮುಂದೆ ಜನ ಸೇರಿದರು. ದನಗಳ ಧೂಳು ಬಂಗಾರದ ಹೊಗೆಯಂತೆ ತೇಲುತ್ತಿತ್ತು. ಅದರೊಳಗೆ ಮುಖಗಳು ಮೂಡಿ ಕರಗುತ್ತಿದ್ದವು. ದಸ್ತಗೀರ ಮುನ್ನೂರು ಅಂದ. ಬೇಕಾದಷ್ಟು ಬಂದಿತ್ತು, ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಅವನ ಗರಜು ನನಗೆ ಗೊತ್ತಿತ್ತಲ್ಲ. ನಾಲಿಗೆ ತಾನಾಗಿ ಹೊರಳಿತು: “ಹಿಂದಿನವ್ರು ಮುನ್ನೂರಾ ಐವತ್ತು.”

“ಸಾವಕಾಶ ಕೂಗಲೇ, ಇದೇನ್ ಬೆಲ್ಲದ ಪೆಂಟಿ ಅಲ್ಲ,” ಎಂದು ಯಾರೋ ನಗಾಡಿದರು.

ದಸ್ತಗೀರ ನಾನೂರು ಅಂದ. ನಾನು ಮತ್ತೆ ಹಿಂದಿನವರ ಹೆಸರಲ್ಲಿ ನಾನೂರಾ ಐವತ್ತು ಅಂದೆ. ಅವನು ಕಿಸೆ ಮುಟ್ಟಿಕೊಂಡು ತಲೆ ತಗ್ಗಿಸಿದ.

ಮೂರು ಸಾರಿ ಕೂಗಿದೆ. ಎಲ್ಲರೂ ಹಿಂದಕ್ಕೆ ತಿರುಗಿದರು. ಅಲ್ಲಿ ಧೂಳು ಬಿಟ್ಟರೆ ಯಾರೂ ಇರಲಿಲ್ಲ.

“ಕೂಗಿದವ್ರು ಮುಂದ ಬರ್ರಿ,” ಎಂದರು ಹಿರಿಯರು.

ನಿಜ ಹೇಳಿದ್ದರೆ ಮರುದಿನದಿಂದ ಪೇಟೆಯಲ್ಲಿ ನನ್ನ ಮಾತು ಯಾರೂ ನಂಬುತ್ತಿರಲಿಲ್ಲ. “ಅದು ನಂದ ರೀ,” ಅಂದೆ.

“ಕೂಗಾವ್ನ ಕೊಂಡಾನ ನೋಡ್ರಿ!” ಎಂದು ಜನ ಚಪ್ಪಾಳೆ ತಟ್ಟಿ ಹಾರ ಹಾಕಿದರು. ಆಗಲೂ ಆ ಜಾಗವನ್ನು ದಸ್ತಗೀರನಿಗೆ ಬಿಟ್ಟುಕೊಡಬಹುದಿತ್ತು. ಹಾರದ ವಾಸನೆ ಹಿತವಾಗಿತ್ತು, ಬಿಡಲಿಲ್ಲ.

ಅವನೇ ಹತ್ತಿರ ಬಂದ. “ನೀವರ ಹೊಂಟೀರಿ, ಛಲೋ ಆತು. ಜೈತುನ್ ಅಂತ ಅಕೀ ಹೆಸರು. ಸಿಕ್ಕರ, ಅಣ್ಣ ಕೇಳ್ಯಾನ ಅಂತ ಹೇಳ್ರಿ.”

ಲಾರಿ ಇಳಿದ ಊರಲ್ಲಿ ನಾನು ಯಾವ ಕೆಲಸಕ್ಕೂ ಆಗಲಿಲ್ಲ. ಯಾವ ಕಲ್ಲು ತೆಗೆದರೆ ಯಾವ ಗೋಡೆ ಬೀಳುತ್ತದೆಂದು ತಿಳಿಯದೆ, ಕನಸಿನಲ್ಲಿ ನಡೆದವನಂತೆ ಓಡಾಡಿದೆ. ಎರಡನೆಯ ದಿನ ತಗಡಿನ ನೆರಳಿನಲ್ಲಿ ಜೈತುನ್ ಸಿಕ್ಕಳು. ಅಣ್ಣ ಕೇಳಿದ್ದಾನೆ ಎಂದೆ. ನನ್ನ ಬೆನ್ನ ಹಿಂದೆ ಬಹಳ ಹೊತ್ತು ನೋಡಿದಳು.

“ಅವ ಯಾಕ ಬರಲಿಲ್ರಿ?”

“ಲಾರಿಯಾಗ ಜಾಗ ಇರಲಿಲ್ಲವ್ವಾ.”

“ಅವಂಗ ಕುಂಡ್ರಾಕ ಎಷ್ಟು ಜಾಗ ಬೇಕ್ರಿ?” ಎಂದಳು.

ಊರಿಗೆ ಬಂದು, ತಂಗಿ ಬದುಕಿದ್ದಾಳೆ ಎಂದಾಗ ದಸ್ತಗೀರ ನನ್ನ ಎರಡೂ ಕೈ ಹಿಡಿದುಕೊಂಡ. ಆಗಲೂ ನಿಜ ಹೇಳಲಿಲ್ಲ. ಈಗ ಅವನಿಲ್ಲ, ಅದಕ್ಕೇ ನಿಮಗೆ ಹೇಳುತ್ತಿದ್ದೇನೆ.

ಆಮೇಲೆ ಎಷ್ಟೋ ವರ್ಷ ಸವಾಲು ಕೂಗಿದೆ, ಗಾಳಿಕೂಗು ಸೇರಿಸಲಿಲ್ಲ. ನನ್ನ ಕೂಗು ಸಪ್ಪಗಾಯಿತೆಂದು ಅಡತಿಯವರು ಗೊಣಗಿದರು. ಎದುರಿನವನ ಗರಜು ಮೊದಲು ಕಾಣುವುದು ಕೂಗುವವನಿಗೆ. ಕಂಡಲ್ಲಿಗೆ ಬಾಯಿ ಮುಚ್ಚಬೇಕೆಂಬುದನ್ನು ಆ ಕೆಲಸ ನನಗೆ ತಡವಾಗಿ ಕಲಿಸಿತು.