ಚಲುವಮ್ಮನವರ ಮೂವತ್ತೆಂಟು ಓಟು

ಮನೆಯಾಕೆಗೆ ಜ್ವರ ಬಂದದ್ದರಿಂದ ಆ ಶನಿವಾರ ಸಂಜೆ ಹಾಲಿನ ಕ್ಯಾನು ಹಿಡಿದು ಸಂಘದ ಸಾಲಿನಲ್ಲಿ ನಿಲ್ಲುವ ಕೆಲಸ ನನ್ನ ಪಾಲಿಗೆ ಬಂತು. ಮಂಡ್ಯದ ಹೈಸ್ಕೂಲಿನಲ್ಲಿ ಇಪ್ಪತ್ತಾರು ವರ್ಷದಿಂದ ಕನ್ನಡ ಪಾಠ ಮಾಡುತ್ತ, ವಾರಕ್ಕೊಂದು ನಗೆಬರಹ ಬರೆದು ಊರನ್ನೆಲ್ಲ ನಗಿಸುತ್ತಿದ್ದೇನೆಂದು ನಂಬಿಕೊಂಡವನು ನಾನು. ಹಿಂದಿನ ವಾರವಷ್ಟೇ ಕಲಬೆರಕೆಯವರನ್ನು ಲೇವಡಿ ಮಾಡಿ ಬರೆದಿದ್ದೆ. ಅದೇ ಹುರುಪಿನಲ್ಲಿ ಕ್ಯಾನನ್ನು ಮೂರು ಸಲ ತೊಳೆದೆ. ತೊಳೆದ ನೀರನ್ನು ಚೆಲ್ಲಬೇಕೆಂಬ ಸಣ್ಣ ಸಂಗತಿಯೊಂದನ್ನು ಮಾತ್ರ ಮರೆತೆ.

ಸಂಘದ ಕಾರ್ಯದರ್ಶಿ ಚಲುವಮ್ಮ ನನ್ನ ಹಾಲಿಗೆ ಅಳತೆಯ ಗಾಜಿನ ಕಡ್ಡಿ ಬಿಟ್ಟರು. ಬೇರೆಯವರ ಹಾಲಿನಲ್ಲಿ ತಲೆಯೆತ್ತಿ ತೇಲುತ್ತಿದ್ದ ಕಡ್ಡಿ ನನ್ನ ಹಾಲಿನಲ್ಲಿ ಬಾವಿಗೆ ಬಿದ್ದ ಬಿಂದಿಗೆಯ ಹಾಗೆ ಮುಳುಗಿತು.

“ಮೇಷ್ಟ್ರೇ, ಇದು ಅಸ ಕರ್ದದ್ದೋ, ಕೊಳಾಯಿ ಇಡ್ದದ್ದೋ?”

ಹಿಂದೆ ನಿಂತಿದ್ದ ಮುದ್ದಮ್ಮನಿಗೆ ಇಷ್ಟು ಸಾಕಾಯಿತು. “ಬುಡಕ್ಕ, ಮೇಷ್ಟ್ರು ಪೇಪರ್ಗೆ ಬರ್ಯೋದೂ ಅಂಗೇಯ, ಒಸಿ ತೆಳು!”

ಸಾಲಿಗೆ ಸಾಲೇ ನಕ್ಕಿತು. ನನ್ನ ಬರಹಕ್ಕೆ ಅಷ್ಟು ಜನ ಒಟ್ಟಿಗೆ ನಕ್ಕದ್ದನ್ನು ನಾನು ಕಂಡಿರಲಿಲ್ಲ. ಕ್ಯಾನು ಹಿಡಿದು ಗೋಡೆಗೆ ಅಂಟಿಕೊಂಡು ನಿಂತೆ. ಅಷ್ಟರಲ್ಲಿ ಚಲುವಮ್ಮ, “ಥೂ ನಿನ್ನ! ಬಾಗ್ಲು ತೆಗ್ದಿದ್ರೂ ಒಳೀಕ್ ಓಗಕ್ಕಾಗ್ದಾ?” ಎಂದು ಗದರಿದರು. ನನಗೇ ಅಂದರೆಂದು ಒಳಗೆ ಕಾಲಿಟ್ಟೆ. “ನಿಮ್ಗಲ್ಲ ಮೇಷ್ಟ್ರೇ” ಎಂದು ಸೆರಗು ಸರಿಸಿ ಕಿವಿಯಲ್ಲಿದ್ದ ಇಯರ್‌ಫೋನು ತೋರಿಸಿದರು. ಬೈಸಿಕೊಂಡವನು ಜರ್ಮನಿಯ ಒಂದು ಫುಟ್‌ಬಾಲ್ ಮೈದಾನದಲ್ಲಿದ್ದ. ಅವನ ಕಥೆ ನನಗೆ ಗೊತ್ತಿಲ್ಲ. ಬೈದವರ ಕಥೆಯನ್ನು ಅವರನ್ನೂ ಸಾಲಿನವರನ್ನೂ ಕೇಳಿ ತಿಳಿದೆ. ಅದನ್ನೇ ಇಲ್ಲಿ ಹೇಳುತ್ತಿದ್ದೇನೆ.

ಚಲುವಮ್ಮ ಮಳವಳ್ಳಿ ಕಡೆಯಿಂದ ಯಲಿಯೂರಿನ ಪಕ್ಕದ ನಮ್ಮೂರಿಗೆ ಸೊಸೆಯಾಗಿ ಬಂದವರು. ಎಸ್ಸೆಸ್ಸೆಲ್ಸಿ ಪಾಸು, ಈಗ ಐವತ್ತೇಳು ವಯಸ್ಸು. ಮಹಿಳಾ ಹಾಲು ಸಂಘ ಶುರುವಾದಾಗ ಲೆಕ್ಕ ಬರುವ ಹೆಂಗಸು ಅವರೊಬ್ಬರೇ ಎಂದು ಕಾರ್ಯದರ್ಶಿ ಮಾಡಿದರು. ಇಪ್ಪತ್ತೆರಡು ವರ್ಷವಾಯಿತು. ಸ್ವಂತ ಅತ್ತೆಯ ಹಾಲನ್ನು ಎರಡು ಸಲ ವಾಪಸು ಕಳಿಸಿದ್ದಾರೆ. ಅತ್ತೆ ಒಂದು ವರ್ಷ ಮಾತು ಬಿಟ್ಟಿದ್ದರು. “ಮನೇಲಿ ಒಸಿ ನೆಮ್ದಿಯಾಗಿತ್ತು” ಎನ್ನುತ್ತಾರೆ ಚಲುವಮ್ಮ.

ಹನ್ನೆರಡು ವರ್ಷದ ಹಿಂದೆ ಮಂಡ್ಯದ ಕೃಷಿ ಕೇಂದ್ರ ವಿ.ಸಿ. ಫಾರಂಗೆ ಮೇವಿನ ಹುಲ್ಲಿನ ಮೇಲೆ ಸಂಶೋಧನೆ ಮಾಡಲು ಜರ್ಮನಿಯಿಂದ ಒಬ್ಬ ಹುಡುಗಿ ಬಂದಳು. ಹೊಸ ಹುಲ್ಲು ತಿಂದ ಹಸುವಿನ ಹಾಲು ಅಳೆಯಲು ನಾಲ್ಕು ತಿಂಗಳು ದಿನಾ ಸಂಘಕ್ಕೆ ಬರುತ್ತಿದ್ದಳು. ಅವಳ ಹೆಸರು ಊಟಾ. ‘ಊಟಾ ಬಂತು’ ಎಂದು ಮಕ್ಕಳು ಕೂಗಿದರೆ ಗದ್ದೆಯಲ್ಲಿದ್ದವರು ಕೈ ತೊಳೆದುಕೊಂಡು ಬರುತ್ತಿದ್ದರಂತೆ. ಅವಳ ಊರು ಲಿಂಡೆನ್‌ಫುರ್ಟ್. ಆ ಊರಿಗೊಂದು ಫುಟ್‌ಬಾಲ್ ಟೀಮು, ಮೂರನೇ ದರ್ಜೆಯದು. ಅದಕ್ಕೆ ಯಜಮಾನ ಅಂತ ಯಾರೂ ಇಲ್ಲ, ಚಂದಾ ಕಟ್ಟಿದ ಸದಸ್ಯರೇ ಯಜಮಾನರು, ಡಾಕ್ಟರಿಗೂ ಒಂದೇ ಓಟು, ಬ್ರೆಡ್ಡು ಸುಡುವವನಿಗೂ ಒಂದೇ ಓಟು ಎಂದು ಊಟಾ ಅರ್ಧ ಕನ್ನಡ, ಅರ್ಧ ಕೈಸನ್ನೆಯಲ್ಲಿ ವಿವರಿಸಿದಳು. ಚಲುವಮ್ಮನಿಗೆ ಚೆಂಡಾಟ ತಿಳಿಯಲಿಲ್ಲ. ಉಳಿದದ್ದೆಲ್ಲ ತಿಳಿಯಿತು. “ಅಂದ್ರೆ ನಮ್ ಸಂಗ್ದಂಗೇಯ” ಎಂದರು.

ಊರಿಗೆ ಹಿಂತಿರುಗಿದ ಊಟಾ ಚಲುವಮ್ಮನ ಹೆಸರಿನಲ್ಲಿ ಚಂದಾ ಕಟ್ಟಿ, ಸದಸ್ಯರ ಕಾರ್ಡನ್ನೂ ಟೀಮಿನ ಅಭಿಮಾನಿಗಳು ಸುತ್ತಿಕೊಳ್ಳುವ ಉಣ್ಣೆಯ ಹಸಿರು ಶಾಲೊಂದನ್ನೂ ಕಳಿಸಿದಳು. ಮೊದಲೆರಡು ವರ್ಷ ಆ ಶಾಲು ಕ್ಯಾನು ಹೊರುವಾಗ ತಲೆಯ ಮೇಲಿನ ಸಿಂಬೆಯಾಗಿತ್ತು. ಆಮೇಲೆ ಕೈಗೆ ಸ್ಮಾರ್ಟ್‌ಫೋನು ಬಂತು, ಆಟ ಕಾಣಿಸಿತು. ಲಿಂಡೆನ್‌ಫುರ್ಟ್‌ನವರ ಶನಿವಾರದ ಮಧ್ಯಾಹ್ನದ ಆಟ ನಮ್ಮ ಸಂಜೆ ಹಾಲು ಹಾಕುವ ಹೊತ್ತಿಗೇ ಸರಿಯಾಗಿ ಬರುತ್ತದೆ. ಆದ್ದರಿಂದ ಒಂದು ಕಿವಿ ಸಂಘಕ್ಕೆ, ಒಂದು ಕಿವಿ ಜರ್ಮನಿಗೆ ಎಂದು ಹಂಚಿಕೊಂಡರು. ಕಣ್ಣು ಮಾತ್ರ ಕಡ್ಡಿಯ ಮೇಲೆ.

ಅವರನ್ನು ಹುಡುಕಿಕೊಂಡು ಬಂದವಳು ಮದ್ದೂರಿನ ಗಗನ. ಮಂಡ್ಯದಲ್ಲಿ ಓದುವ ಕಾಲೇಜು ಹುಡುಗಿ, ಫುಟ್‌ಬಾಲ್ ಹುಚ್ಚು. ಆ ಟೀಮಿನ ವೆಬ್‌ಸೈಟಿನಲ್ಲಿ ಹೊರದೇಶದ ಸದಸ್ಯರ ಊರುಗಳ ಪಟ್ಟಿಯಲ್ಲಿ ‘ಮಂಡ್ಯ, ಒಬ್ಬರು’ ಎಂದು ನೋಡಿ, ವಿ.ಸಿ. ಫಾರಂನ ಯಾರೋ ವಿಜ್ಞಾನಿ ಇರಬೇಕೆಂದು ಬಂದಿದ್ದಳು. ಸಿಕ್ಕಿದವರು ಹಾಲು ಅಳೆಯುತ್ತಿದ್ದ ಚಲುವಮ್ಮ. ಅವರಿಬ್ಬರಿಂದ ಮಂಡ್ಯ ಶಾಖೆ ಶುರುವಾಗಿ, ಮದ್ದೂರು ಮಳವಳ್ಳಿ ಸೇರಿ ಮೂವತ್ತೆಂಟು ಸದಸ್ಯರಾದರು. ಕೋಟಿಗಟ್ಟಲೆ ಸುರಿದು ಆಟಗಾರರನ್ನು ಕೊಳ್ಳುವ ದೊಡ್ಡ ಟೀಮುಗಳ ಜೆರ್ಸಿ ಹಾಕಿಕೊಂಡು ಓಡಾಡುವ ಹುಡುಗರು, “ಸೋಲೋ ಟೀಮಿಗೆ ಯಾಕ್ರೇ ಬಡ್ಕೋತೀರ?” ಎಂದು ಕಿಚಾಯಿಸಿದರೆ ಗಗನ, “ನಿಮ್ ಟೀಮಿಗೆ ನೀವು ಗಿರಾಕಿ ಕಣ್ರೋ. ನಮ್ ಟೀಮಿಗೆ ನಾವು ಓನರ್ರು” ಎನ್ನುತ್ತಿದ್ದಳು. ಏಪ್ರಿಲ್ ಬಿಸಿಲಿನಲ್ಲಿ ಉಣ್ಣೆ ಶಾಲು ಸುತ್ತಿಕೊಂಡು ಬೆವರು ಸುರಿಸುತ್ತ ಹಾಗೆ ಹೇಳುವ ಓನರ್ರನ್ನು ಲೋಕ ಕಂಡಿರಲಿಕ್ಕಿಲ್ಲ. ಶಾಖೆಗೆ ಅಧ್ಯಕ್ಷರಾಗಿ ಚಲುವಮ್ಮನನ್ನೇ ಆರಿಸಿದರು. ಸಭೆಯ ನಡಾವಳಿ ಬರೆಯಲು ಬರುತ್ತಿದ್ದದ್ದು ಅವರೊಬ್ಬರಿಗೇ.

ಹೋದ ವರ್ಷ ಆ ಟೀಮನ್ನು ಕೊಳ್ಳಲು ಒಂದು ಹೂಡಿಕೆ ಕಂಪನಿ ಬಂತು. ಅದು ಆಗಲೇ ಬೇರೆ ದೇಶದಲ್ಲಿ ಒಂದು ಟೀಮು ಕೊಂಡು, ಟಿಕೆಟ್ಟಿನ ಬೆಲೆ ಎರಡು ಪಟ್ಟು ಮಾಡಿ, ಮೈದಾನವನ್ನು ಮಾರಿ, ಊರಿನವರ ಕೈಗೆ ಬರೀ ಬಾವುಟ ಕೊಟ್ಟು ಹೋಗಿತ್ತು. ಲಿಂಡೆನ್‌ಫುರ್ಟ್ ಮಾರಾಟವಾಗಬೇಕಾದರೆ ಸದಸ್ಯರಲ್ಲಿ ಮೂರನೇ ಎರಡು ಪಾಲು ಒಪ್ಪಬೇಕು. ಶಾಖೆಯ ಸದಸ್ಯರ ಪರವಾಗಿ ಅಧ್ಯಕ್ಷರೇ ಓಟು ಒತ್ತಬಹುದು ಎಂಬುದು ಅವರ ನಿಯಮ. ಅಲ್ಲಿಗೆ ಚಲುವಮ್ಮನ ಒಂದು ಬೆರಳಿನಲ್ಲಿ ಮೂವತ್ತೆಂಟು ಓಟು.

ಬೆರಳು ಹುಡುಕಿಕೊಂಡು ಪ್ರೀತಂ ಬಂದ. ಕಂಪನಿಯ ಪರವಾಗಿ ‘ಅಭಿಮಾನಿಗಳ ಸಂಪರ್ಕ’ ನೋಡಿಕೊಳ್ಳುವವನಂತೆ. ಗಂಜಳದ ಮೇಲೆ ಬಿಳಿ ಬೂಟು ಇಡಲಾರದೆ ಬಾಗಿಲಲ್ಲೇ ನಿಂತ. ಸಂಘದ ಕಷ್ಟವನ್ನು ಮೊದಲೇ ತಿಳಿದುಕೊಂಡು ಬಂದಿದ್ದ. ಬೇಸಗೆಯಲ್ಲಿ ಹಾಲಿನ ವ್ಯಾನು ಒಂದು ಗಂಟೆ ತಡವಾದರೆ ಕ್ಯಾನುಗಟ್ಟಲೆ ಹಾಲು ಒಡೆಯುತ್ತಿತ್ತು. ತಣ್ಣಗಿಡುವ ಕೂಲರಿಗೆ ಮೂರು ವರ್ಷದಿಂದ ಅರ್ಜಿ ಹಾಕಿ ಕಾಯುತ್ತಿದ್ದರು.

“ಸಾವಿರ ಲೀಟರ್ ಕೂಲರ್ ಮೇಡಂ. ಹದಿನೈದು ದಿನದಲ್ಲಿ ತಂದು ಕೂರಿಸ್ತೀವಿ. ನಮ್ಮ ಸಮಾಜಸೇವೆ ಅಂತ ಇಟ್ಕೊಳ್ಳಿ.”

“ಇಟ್ಕತೀನಪ್ಪ. ನಿಮ್ಗೇನ್ ಬೇಕು?”

“ಏನೂ ಬೇಡ. ನಿಮ್ಮ ಸಹಕಾರ.”

“ಸಹಕಾರ ಆಗ್ಲೇ ಬೋರ್ಡ್ ಮೇಲೈತಲ್ಲ. ಓಟು ಅಂತ ಬಾಯ್ಬುಟ್ಟು ಯೋಳು.”

ಪ್ರೀತಂ ಬಾಯಿ ಬಿಟ್ಟ. ಚಲುವಮ್ಮ ವಾರ ಬಿಟ್ಟು ಹೇಳುತ್ತೇನೆಂದು ಅವನನ್ನು ಕಳಿಸಿದರು. ಆ ವಾರ ಅವರಿಗೆ ಅನ್ನ ರುಚಿಸಲಿಲ್ಲ. ಹಾಲು ಒಡೆದ ದಿನ ಕ್ಯಾನಿನ ಮುಂದೆ ಕೂತು ಅಳುವ ಹೆಂಗಸರನ್ನು ಅವರು ಕಂಡಿದ್ದರು. ಕಾಣದ ಊರಿನ ಚೆಂಡಿಗಾಗಿ ಕಂಡ ಊರಿನ ಹಾಲು ಚೆಲ್ಲುವುದೇ? ಗಂಡ ಹೊನ್ನಯ್ಯ, “ನಿನ್ ಓಟು, ನಿನ್ ಕೂಲರು. ನನ್ ಮುದ್ದೆ ತಣ್ಗಾಯ್ತು” ಎಂದು ಎದ್ದು ಹೋದರು.

ಸಂಘದ ಪದ್ಧತಿಯೊಂದಿದೆ: ಯಾರ ಹಾಲನ್ನೂ ಒಳಗೆ ಕೊಂಡೊಯ್ದು ಅಳೆಯುವ ಹಾಗಿಲ್ಲ, ಸಾಲಿನ ಎದುರಿಗೇ ಅಳೆಯಬೇಕು. ಚಲುವಮ್ಮ ಪ್ರೀತಂನ ಮಾತನ್ನೂ ಹಾಗೇ ಸಾಲಿನ ಎದುರಿಗಿಟ್ಟರು.

ಮುದ್ದಮ್ಮ ಎಲ್ಲರಿಗಿಂತ ಮುಂಚೆ ಎದ್ದಳು. ಹಿಂದಿನ ಮೇ ತಿಂಗಳಲ್ಲಿ ಅವಳ ನಲವತ್ತು ಲೀಟರು ಚರಂಡಿ ಸೇರಿತ್ತು. “ಅವ್ರ್ ಚೆಂಡ ಅವ್ರ್ ಒದ್ಕಳ್ಳಿ ಕಣಕ್ಕ. ಯಾರ್ ಒದ್ರೆ ನಮ್ಗೇನು? ಬರೋ ಕೂಲರ್ನ ಯಾಕ್ ಬ್ಯಾಡ ಅಂತೀಯ?”

“ಮುದ್ದೀ, ಆ ಖಾಸಗಿ ಡೈರಿಯೋನು ಬಂದಿದ್ದ್ನಲ್ಲ, ಗ್ಯಾಪ್ಕ ಐತಾ? ಲೀಟರ್ಗೆ ಎರಡ್ರೂಪಾಯ್ ಜಾಸ್ತಿ ಅಂದ, ಸಂಗ ಬುಟ್ಟು ಎಲ್ಲಾ ಅವನ್ ಇಂದೆ ಓದ್ರಿ. ವರ್ಸ ತುಂಬ್ತಿದ್ದಂಗೆ ಆರ್ರೂಪಾಯ್ ಇಳ್ಸುದ.”

“ಐತೆ. ನಾನೇ ವಾಪಸ್ ಬಂದು ನಿನ್ ಕಾಲ್ ಕಟ್ಟಿದ್ದೆ.”

“ಅಲ್ಲೂ ಅಂಥೋನೇ ಬಂದವ್ನೆ. ಅವ್ರ ಸಂಗ ಮುರಿಯೋಕೆ ನಮ್ ಸಂಗಕ್ಕೆ ಲಂಚ ಕೊಡ್ತಾವ್ನೆ. ಓಟು ನಮ್ ಶಾಖೆ ಮಕ್ಳದು, ಕೂಲರು ನಿಮ್ದು. ಅವ್ರದ್ನ ಮಾರಿ ನಿಮ್ಗೆ ಕೊಡಕ್ಕೆ ನಾನ್ಯಾರು? ನಿಮ್ಗೆ ಅದೇ ಸರಿ ಅನ್ಸುದ್ರೆ, ನಾಳಿಂದ ಈ ಕಡ್ಡಿ ಬ್ಯಾರೇರು ಇಡ್ಕಳಿ.”

ಮುದ್ದಮ್ಮ ಗೊಣಗುತ್ತ ಕೂತಳು. ಕೂಲರು ಬೇಡವೆಂದು ನಡಾವಳಿಯಲ್ಲಿ ಬರೆದರು. ಮುದ್ದಮ್ಮ ಸಹಿ ಹಾಕಿದಳು, ಪುಸ್ತಕ ಹರಿಯುವಷ್ಟು ಒತ್ತಿ.

ಅದಾದ ಮೇಲೆ ಗಗನ ಒಂದು ಸುದ್ದಿ ತಂದಳು. ಟೀಮು ಸತತ ಆರು ಆಟ ಸೋತಿದೆ, ಆದರೆ ಒಂದೇ ತಿಂಗಳಲ್ಲಿ ಆರುನೂರು ಹೊಸ ಸದಸ್ಯರು ಸೇರಿದ್ದಾರೆ. ಅಭಿಮಾನ ಹೆಚ್ಚಾಗಿದೆ ಎಂದು ಹುಡುಗಿಗೆ ಖುಷಿ.

ಚಲುವಮ್ಮ ತಲೆಯಾಡಿಸಿದರು. “ಬ್ಯಾಸ್ಗೇಲಿ ಆಲು ಜಾಸ್ತಿಯಾದ್ರೆ ಅಸ ನೋಡ್ಬಾರ್ದು ಕಣಮ್ಮ, ಕೊಳಾಯಿ ನೋಡ್ಬೇಕು.”

ಮಹಾಸಭೆ ಜರ್ಮನಿಯಲ್ಲಿ, ದೂರದವರಿಗೆ ಫೋನಿನಲ್ಲಿ. ಚರ್ಚೆ ಎಳೆದು ಎಳೆದು ನಮ್ಮ ಸಂಜೆಯ ಹಾಲಿನ ಹೊತ್ತಿಗೆ ಬಂತು. ಇಪ್ಪತ್ತೆರಡು ವರ್ಷದಲ್ಲಿ ಸಾಲು ನಿಲ್ಲಿಸಿದವರಲ್ಲ ಚಲುವಮ್ಮ. ಫೋನನ್ನು ತಕ್ಕಡಿಯ ಪಕ್ಕ ನಿಲ್ಲಿಸಿ, ಗಗನಳನ್ನು ತರ್ಜುಮೆಗೆ ಕೂರಿಸಿ, ಹಾಲು ಅಳೆಯುತ್ತಲೇ ಸರದಿ ಬಂದಾಗ ಕೇಳಿದರು:

“ಅಧ್ಯಕ್ಷರೇ, ಈ ಆರ್ನೂರು ಜನ ಎಷ್ಟ್ ದಿನ ಆಲು ಹಾಕವ್ರೆ?”

ಗಗನ ತಬ್ಬಿಬ್ಬಾದಳು. ನಮ್ಮ ಸಂಘದಲ್ಲಿ ವರ್ಷಕ್ಕೆ ಇಂತಿಷ್ಟು ದಿನ ಹಾಲು ಹಾಕದವರಿಗೆ ಓಟಿಲ್ಲ. ಹಸುವಿಲ್ಲದವರನ್ನು ಸೇರಿಸಿ ಚುನಾವಣೆ ಗೆಲ್ಲುವವರಿಗೆಂದೇ ಇರುವ ನಿಯಮ ಅದು. ಲೋಕದ ಎಲ್ಲ ಸಂಘಕ್ಕೂ ಅದೇ ನಿಯಮ ಎಂದು ಚಲುವಮ್ಮ ನಂಬಿದ್ದರು. ಗಗನ ಸಾವರಿಸಿಕೊಂಡು ಇಂಗ್ಲಿಷಿನಲ್ಲಿ, ‘ಈ ಆರುನೂರು ಜನ ಎಷ್ಟು ದಿನ ಮೈದಾನಕ್ಕೆ ಬಂದಿದ್ದಾರೆ, ನಮ್ಮ ಹಾಲಿನ ಸಂಘದಲ್ಲಿ ಹಾಲು ಹಾಕದವರಿಗೆ ಓಟಿಲ್ಲ’ ಎಂದಳು. ಟೀಮಿನ ಅಧ್ಯಕ್ಷರು, ನಮ್ಮಲ್ಲಿ ಹಾಗೆ ನಿಯಮವಿಲ್ಲ ಎಂದರು. ಸಭೆ ನಕ್ಕಿತು. ನಗು ಮುಗಿಯುವ ಮೊದಲೇ ಮೂರನೇ ಸಾಲಿನಿಂದ ಟೋಪಿ ಹಾಕಿದ ಮುದುಕನೊಬ್ಬ ಎದ್ದ. ನಲವತ್ತು ವರ್ಷದಿಂದ ಮಳೆಯಲ್ಲಿ ನಿಂತು ಆಟ ನೋಡಿದ್ದೇನೆ, ಈ ಆರುನೂರು ಜನ ಎಲ್ಲಿ ನಿಂತಿದ್ದರು, ಆ ಹೆಂಗಸಿಗೆ ಉತ್ತರ ಕೊಡಿ ಎಂದ. ಇನ್ನೊಬ್ಬರು ಎದ್ದರು, ಮತ್ತೊಬ್ಬರು ಎದ್ದರು. ಪಟ್ಟಿ ತರಿಸಿದರೆ ಆರುನೂರರಲ್ಲಿ ನಾನೂರಕ್ಕೂ ಹೆಚ್ಚು ಮಂದಿಗೆ ಒಂದೇ ವಿಳಾಸ, ಚಂದಾ ಕಟ್ಟಿದ್ದು ಒಂದೇ ಖಾತೆಯಿಂದ. ಆ ಓಟುಗಳನ್ನು ಬದಿಗಿಟ್ಟು ಮತದಾನ ಶುರು ಮಾಡಿದರು.

ಹತ್ತು ನಿಮಿಷ ಸಮಯ. ಚಲುವಮ್ಮ ‘ಬೇಡ’ ಎಂಬಲ್ಲಿ ಒತ್ತಿದರೆ ಹಾಲಿನ ಬೆರಳಿಗೆ ಫೋನು ಜಪ್ಪಯ್ಯ ಅನ್ನಲಿಲ್ಲ. ಸೀರೆಗೆ ಒರೆಸಿಕೊಂಡರು, ಸೀರೆಯೂ ಹಾಲು. ಆಗ ಸಾಲಿನಿಂದ ಮುದ್ದಮ್ಮ ನುಗ್ಗಿಬಂದು ತನ್ನ ಸೆರಗಿನಲ್ಲಿ ಅವರ ಬೆರಳನ್ನು ತಿಕ್ಕಿ ತಿಕ್ಕಿ ಒರೆಸಿದಳು.

“ಒತ್ತಕ್ಕ ಬಿರ್ರನೆ! ನಿನ್ ಚೆಂಡಿನ್ ಮನೆ ಹಾಳಾಗ, ನನ್ ಆಲು ಒಡ್ದೋಯ್ತದೆ!”

ಒತ್ತಿದರು. ಮಾರಾಟ ಬಿದ್ದುಹೋಯಿತು. ಮಂಡ್ಯದ ಮೂವತ್ತೆಂಟು ಓಟು ಇಲ್ಲದಿದ್ದರೂ ಬೀಳುತ್ತಿತ್ತೆಂದು ಲೆಕ್ಕ ಹೇಳುತ್ತದೆ. ಹಾಗೆಂದು ಚಲುವಮ್ಮನೇ ನನಗೆ ಎರಡು ಸಲ ಹೇಳಿದರು. ನಾನಾಗಿದ್ದರೆ ಅದನ್ನು ಮುಚ್ಚಿಟ್ಟು ಮೂರು ವಾರ ಅಂಕಣ ಬರೆಯುತ್ತಿದ್ದೆ.

ಕೂಲರು ಬರಲಿಲ್ಲ. ಮೇ ತಿಂಗಳಲ್ಲಿ ವ್ಯಾನು ಕೆಟ್ಟು ನಿಂತು ಇನ್ನೂರು ಲೀಟರು ಒಡೆಯಿತು. ಹೆಂಗಸರು ಚಲುವಮ್ಮನನ್ನು ಬಾಯಿಗೆ ಬಂದಂತೆ ಬೈದರು. ಅವರು ಎದ್ದು ಹೋಗಲಿಲ್ಲ, ಕೊನೆಯವಳು ಬೈದು ಮುಗಿಸುವ ತನಕ ಬಾಗಿಲಲ್ಲೇ ನಿಂತಿದ್ದು, ಮಾರನೆಯ ದಿನ ಬೆಳಗಿನ ಐದೂವರೆಗೆ ಬಾಗಿಲು ತೆಗೆದರು. ಬೈದವರೆಲ್ಲ ಸಾಲಿನಲ್ಲಿದ್ದರು. ಈ ಸಾಲನ್ನೂ ಅದರ ಮುಂದೆ ಕೂತ ಈ ಹೆಂಗಸನ್ನೂ ನೋಡಿದಾಗ, ನಗಿಸುವುದು ನನ್ನ ಕಸುಬಾದರೂ, ನನಗೆ ನಗಿಸಲು ತೋಚುವುದಿಲ್ಲ.

ಅತ್ತ ಲಿಂಡೆನ್‌ಫುರ್ಟ್, ಮಾರಾಟದ ದುಡ್ಡೂ ಇಲ್ಲದೆ, ಒಳ್ಳೆಯ ಆಟಗಾರರೂ ಇಲ್ಲದೆ, ಸೋತು ಸೋತು ನಾಲ್ಕನೇ ದರ್ಜೆಗೆ ಇಳಿಯಿತು. ಸುದ್ದಿ ಬಂದ ಸಂಜೆ ನಾನೇ ಕೇಳಿದೆ.

“ಅಲ್ಲ ಚಲುವಮ್ಮ, ಇತ್ತ ಕೂಲರೂ ಹೋಯ್ತು, ಅತ್ತ ಟೀಮೂ ಬಿತ್ತು. ಕಂಪನಿಯವನು ಕೊಂಡಿದ್ದರೆ ಗೆಲ್ಲುತ್ತಿತ್ತೋ ಏನೋ. ಇಷ್ಟೆಲ್ಲ ಮಾಡಿ ಏನು ಬಂದಂಗಾಯ್ತು?”

ಚಲುವಮ್ಮ ಕಡ್ಡಿಯಿಂದ ಕಣ್ಣು ತೆಗೆಯಲಿಲ್ಲ.

“ಗೋಲು ಕಾಯೋನು ಸರಿಯಿಲ್ಲ ಮೇಷ್ಟ್ರೇ. ಮುಂದಿನ್ ಸಭೇಲಿ ಕೇಳ್ತೀನಿ.”