ಬುಟ್ಟಿಯೊಳಗಿನ ಮೈಕು

ದುಂಡಮ್ಮನನ್ನು ನಾನು ಮೊದಲು ಕಂಡದ್ದು ೧೯೯೪ರ ಶ್ರಾವಣದ ಒಂದು ರವಿವಾರ, ಕಲಬುರ್ಗಿಯ ಕೋಟೆಯ ಹತ್ತಿರದ ಓಣಿಯಲ್ಲಿ, ವಿಠ್ಠಲರಾಯರ ಮನೆಯ ಕಟ್ಟೆಯ ಮೇಲೆ. ನಾನು ತಾಜಸುಲ್ತಾನಪುರದಿಂದ ಸೈಕಲ್ ತುಳಿದುಕೊಂಡು ಬಂದಿದ್ದೆ. ಹಿಂದಿನ ರಾತ್ರಿ ಮಳೆಯಾಗಿತ್ತು, ದಾರಿಯ ಕರಿಮಣ್ಣು ಎರಡೂ ಗಾಲಿಗೆ ಮೆತ್ತಿತ್ತು. ಅದನ್ನು ಕೆರೆಯಲು ಏನಾದರೂ ಸಿಗುತ್ತದೆಯೇ ಎಂದು ಹುಡುಕುತ್ತಿದ್ದಾಗ, ಕಟ್ಟೆಯ ತುದಿಯಲ್ಲಿ ಕೂತಿದ್ದ ಹುಡುಗಿ ತನ್ನ ಕಾಲ ಬಳಿ ಬಿದ್ದಿದ್ದ ಕಡ್ಡಿಯೊಂದನ್ನು ಎತ್ತಿ ನನ್ನತ್ತ ಚಾಚಿದಳು. ಹಸಿರು ಸೀರೆ, ಬಿಗಿಯಾಗಿ ಹೆಣೆದ ಜಡೆ. ತೊಡೆಯ ಮೇಲೆ ಟವೆಲಿನಲ್ಲಿ ಸುತ್ತಿದ ಏನನ್ನೋ ಕೂಸು ಹಿಡಿದಂತೆ ಹಿಡಿದಿದ್ದಳು. ಪಕ್ಕದಲ್ಲಿ ಕೆಂಪು ಬಾಳೆಹಣ್ಣಿನ ಒಂದು ಚಿಪ್ಪು.

ಬಾಗಿಲು ತೆರೆದೇ ಇತ್ತು. ಒಳಗೆ ಯಾಕೆ ಹೋಗಿಲ್ಲ ಎಂದು ಕೇಳಿದೆ. ಹೆಸರು ಕರೆದ ಮೇಲೆ ಹೋಗಬೇಕಲ್ಲವೇ ಎಂದಳು. ಅದೊಂದು ಆಫೀಸು ಎಂದುಕೊಂಡು, ಕಮಲಾಪುರದಿಂದ ಮುಂಜಾನೆಯ ಬಸ್ಸಿಗೇ ಬಂದು ಕೂತಿದ್ದಳು. ನಾವು ಸೇರುತ್ತಿದ್ದದ್ದು ಮಧ್ಯಾಹ್ನ, ಊಟವಾದ ಮೇಲೆ.

ನಾವು ಎಂದರೆ ಮೂವರು. ಕೋರ್ಟಿನಲ್ಲಿ ಕಾರಕೂನರಾಗಿದ್ದ ವಿಠ್ಠಲರಾಯರು, ಕಪನೂರಿನ ಒಂದು ಬೇಳೆ ಮಿಲ್ಲಿನಲ್ಲಿ ಯಂತ್ರ ನೋಡಿಕೊಳ್ಳುತ್ತಿದ್ದ ಸಲಾವುದ್ದೀನ್, ಆಗಷ್ಟೇ ಪದವಿ ಮುಗಿಸಿ ಶಾಲಾ ಮಾಸ್ತರನಾಗಿದ್ದ ನಾನು. ಮೂವರಿಗೂ ರೇಡಿಯೋದ ಹುಚ್ಚು. ರೇಡಿಯೋ ಕೇಂದ್ರದವರು ಊರ ಜನ ತಾವೇ ಮಾಡಿ ತಂದ ಹತ್ತು ನಿಮಿಷದ ಕಾರ್ಯಕ್ರಮಗಳನ್ನು, ಚೆನ್ನಾಗಿದ್ದರೆ, ಸಂಜೆ ಪ್ರಸಾರ ಮಾಡುತ್ತಿದ್ದರು. ನಾವು ಕ್ಯಾಸೆಟ್ಟಿನಲ್ಲಿ ಅಂಥವನ್ನು ಮಾಡುತ್ತಿದ್ದೆವು. ಕೊಡುವ ಮೊದಲು ರವಿವಾರ ಕೂತು ಒಬ್ಬರದನ್ನೊಬ್ಬರು ಕೇಳಿ ತಿದ್ದಿಕೊಳ್ಳುತ್ತಿದ್ದೆವು.

ಕೇಳುವುದಕ್ಕೆ ನಮ್ಮದೊಂದು ಪದ್ಧತಿ ಇತ್ತು. ಕ್ಯಾಸೆಟ್ ಯಾರದೋ ಅವರು ಗೋಡೆಗೆ ಮುಖ ಮಾಡಿ ಕೂಡಬೇಕು. ಉಳಿದವರು ಕೇಳುತ್ತಾ, ಮನಸ್ಸು ಬೇರೆ ಕಡೆ ಹೋದ ಕೂಡಲೇ ಕೈ ಎತ್ತಬೇಕು. ಯಾರ ಕೈ ಎಲ್ಲಿ ಎದ್ದಿತು ಎಂಬುದನ್ನು ವಿಠ್ಠಲರಾಯರು ಕೋರ್ಟಿನ ಅಕ್ಷರದಲ್ಲಿ ಬರೆದಿಟ್ಟುಕೊಂಡು ಕೊನೆಗೆ ಓದುತ್ತಿದ್ದರು. ಚಹಾ ಬರುವವರೆಗೆ ಗೋಡೆಗೆ ಕೂತವರು ಉತ್ತರ ಕೊಡುವಂತಿಲ್ಲ. ಇದು ಸಲಾವುದ್ದೀನ್ ಹುಡುಕಿದ ಉಪಾಯ. ಮುಖ ಕಂಡರೆ ದಾಕ್ಷಿಣ್ಯ ಬರುತ್ತದೆ, ಬೆನ್ನಿಗೆ ಏನು ಬೇಕಾದರೂ ಹೇಳಬಹುದು ಎನ್ನುತ್ತಿದ್ದ.

ದುಂಡಮ್ಮನನ್ನು ಒಳಗೆ ಕರೆದೆವು. ಟವೆಲಿನೊಳಗಿದ್ದದ್ದು ಟೇಪ್ ರೆಕಾರ್ಡರ್, ಸೊಲ್ಲಾಪುರದ ಗಿರಣಿಯಲ್ಲಿದ್ದ ಸೋದರಮಾವ ತಂದುಕೊಟ್ಟದ್ದು. ಅವಳು ಹತ್ತನೆಯ ತರಗತಿ ಪಾಸಾಗಿ ಮನೆಯಲ್ಲಿದ್ದಳು. ತಾಯಿ ಅನ್ನಮ್ಮ ರಸ್ತೆಯ ಬದಿಯಲ್ಲಿ ಬಾಳೆಹಣ್ಣು ಮಾರುತ್ತಿದ್ದರು. ಕಮಲಾಪುರದಲ್ಲಿ ಬಸ್ಸು ನಿಂತ ಕೂಡಲೇ ಹೆಂಗಸರು ಬುಟ್ಟಿ ಹೊತ್ತು ಕಿಟಕಿಗಳ ಕಡೆಗೆ ಓಡುವುದನ್ನು ಆ ದಾರಿಯಲ್ಲಿ ಹೋದವರೆಲ್ಲ ನೋಡಿರುತ್ತಾರೆ. ಆ ಹೆಂಗಸರ ಮೇಲೆಯೇ ದುಂಡಮ್ಮ ಕಾರ್ಯಕ್ರಮ ಮಾಡಿದ್ದಳು. ನಿಮ್ಮ ದನಿ ರೇಡಿಯೋದಲ್ಲಿ ಬರುತ್ತದೆ ಎಂದು ಅವರಿಗೆಲ್ಲ ಮಾತು ಕೊಟ್ಟಿದ್ದಳು. ಕೇಂದ್ರದವರು, ಏನೂ ತಿಳಿಯುವುದಿಲ್ಲ, ಮತ್ತೆ ಮಾಡಿಕೊಂಡು ಬನ್ನಿ, ದಸರೆಯೊಳಗೆ ತಂದರೆ ನೋಡೋಣ ಎಂದು ಹಿಂದಕ್ಕೆ ಕೊಟ್ಟಿದ್ದರು. ವಿಠ್ಠಲರಾಯರ ಮನೆಯ ವಿಳಾಸ ಕೊಟ್ಟವರೂ ಅವರೇ.

ಊರಲ್ಲಿ ಅವಳಿಗೆ ಮುಖ ತೋರಿಸುವುದು ಕಷ್ಟವಾಗಿತ್ತು. ಹೆಂಗಸರಲ್ಲಿ ಎಲ್ಲರಿಗಿಂತ ಬಾಯಿ ಜೋರಿದ್ದ ಬಂಡಮ್ಮ ರೇಡಿಯೋಕ್ಕೆ ಹೊಸ ಸೆಲ್ಲು ತಂದಿಟ್ಟುಕೊಂಡು ದಿನವೂ ಕೆಣಕುತ್ತಿದ್ದಳಂತೆ.

"ಏನವ್ವ ದುಂಡವ್ವ, ನಮ್ಮ ದನಿ ಕಲಬುರ್ಗಿ ಬಸ್ ಸ್ಟ್ಯಾಂಡಿನ್ಯಾಗೇ ಇಳದು ಕುಂತದೇನು?"

ಇದನ್ನು ಹೇಳುವಾಗ ದುಂಡಮ್ಮ ನಕ್ಕಳು. ಆದರೆ ಟವೆಲಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಲೇ ಇದ್ದಳು.

ಕ್ಯಾಸೆಟ್ ಹಾಕಿದೆವು. ಅವಳು ಗೋಡೆಗೆ ಮುಖ ಮಾಡಿದಳು. ಮೈಕಿಗೆ ಗಾಳಿ ಹೊಡೆದು ಭರ್ರೆನ್ನುವ ಸದ್ದು, ಹಾರ್ನಿನ ಮೇಲೆ ಹಾರ್ನು, ಒಂದು ಕೋಳಿ, ಎಲ್ಲೋ ದೂರದಲ್ಲಿ ಹೆಂಗಸರು. ನಮ್ಮ ಕೈಗಳು ಎದ್ದವು, ಇಳಿಯಲೇ ಇಲ್ಲ. ಗದ್ದಲ ಬಹಳ ಎಂದೆವು. ಗಾಳಿ ಬಹಳ ಎಂದೆವು. ಎಲ್ಲರೂ ಒಮ್ಮೆಲೇ ಮಾತಾಡುತ್ತಾರೆ ಎಂದೆವು. ಅವಳು ಚಹಾ ಬರುವವರೆಗೆ ಬೆನ್ನು ಅಲುಗಿಸದೆ ಕೂತಿದ್ದು, ಆಮೇಲೆ ಎಲ್ಲವನ್ನೂ ಬರೆದುಕೊಂಡು, ಬಾಳೆಹಣ್ಣಿನ ಚಿಪ್ಪನ್ನು ವಿಠ್ಠಲರಾಯರ ತಾಯಿ ಸಕ್ಕೂಬಾಯಿಯವರ ಕೈಗೆ ಕೊಟ್ಟು ಹೋದಳು. ಮತ್ತೆ ಬರುತ್ತಾಳೆಂದು ನನಗೇನೂ ಅನಿಸಿರಲಿಲ್ಲ.

ಎರಡು ವಾರ ಬಿಟ್ಟು ಬಂದಳು. ಈ ಸಲ ಮುಖದಲ್ಲಿ ಪರೀಕ್ಷೆ ಚೆನ್ನಾಗಿ ಬರೆದವರ ಕಳೆ ಇತ್ತು. ನೀವು ಹೇಳಿದ್ದೆಲ್ಲ ಸರಿ ಮಾಡಿದ್ದೇನೆ ಎಂದು ತಾನಾಗಿಯೇ ಗೋಡೆಗೆ ಮುಖ ಮಾಡಿದಳು.

ಕ್ಯಾಸೆಟ್ ತಿರುಗಿತು. ಗಾಳಿಯಿಲ್ಲ, ಕೋಳಿಯಿಲ್ಲ, ಹಾರ್ನಿಲ್ಲ. ಅಷ್ಟು ನಿಶ್ಶಬ್ದವನ್ನು ನಾವು ಅದುವರೆಗೆ ಯಾವ ಕ್ಯಾಸೆಟ್ಟಿನಲ್ಲೂ ಕೇಳಿರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಒಬ್ಬ ಹೆಂಗಸು, ಶಾಲೆಯಲ್ಲಿ ಪ್ರಾರ್ಥನೆ ಹೇಳುವ ದನಿಯಲ್ಲಿ, "ಬಸ್ಸು ಬಂತು" ಎಂದಳು. ಮತ್ತೊಬ್ಬಳು "ಹೌದು, ಬಂತು" ಎಂದಳು. ಮೂರನೆಯವಳು ಬಹಳ ವಿನಯದಿಂದ, "ಬಾಳೆಹಣ್ಣು ತಗೋರೀ" ಎಂದಳು.

ಸಲಾವುದ್ದೀನ್ ಕೈ ಎತ್ತುವುದನ್ನೇ ಮರೆತ. ಕ್ಯಾಸೆಟ್ ಮುಗಿಯುವವರೆಗೆ ತಡೆದುಕೊಂಡಿದ್ದು ಕೇಳಿದ: "ದುಂಡವ್ವ, ಇವರು ಹಣ್ಣು ಮಾರಾಕ ಬಂದಾರೋ, ಮಯ್ಯತಿಗಿ ಹೆಣ ನೋಡಾಕ ಬಂದಾರೋ?"

ವಿಠ್ಠಲರಾಯರು ಪೆನ್ನು ಕೆಳಗಿಟ್ಟು ನಕ್ಕರು. ನಾನೂ ನಕ್ಕೆ. ಆಗ ನೋಡಿದರೆ ಗೋಡೆಗೆ ಕೂತವಳ ಭುಜ ಅಲುಗುತ್ತಿತ್ತು. ಅಳುತ್ತಿದ್ದಾಳೆಂದು ನಮ್ಮ ನಗು ನಿಂತಿತು. ಅವಳು ಪದ್ಧತಿ ಮುರಿದು ನಮ್ಮ ಕಡೆ ತಿರುಗಿದಳು. ಕಣ್ಣಲ್ಲಿ ನೀರಿತ್ತು, ಆದರೆ ಅದು ನಕ್ಕು ನಕ್ಕು ಬಂದ ನೀರು.

ನಡೆದದ್ದನ್ನು ಹೇಳಿದಳು. ಗದ್ದಲ ಬೇಡವೆಂದು ನಾವು ಹೇಳಿದ್ದೆವಲ್ಲ. ಬುಟ್ಟಿಯ ಹೆಂಗಸರನ್ನೆಲ್ಲ ಮನೆಯೊಳಗೆ ಕೂಡಿಸಿ, ಬಾಗಿಲಿಗೂ ಕಿಟಕಿಗೂ ಕೌದಿ ಕಟ್ಟಿದ್ದಳು. ಕರುವನ್ನು ನೆರೆಮನೆಗೆ ಅಟ್ಟಿದ್ದಳು. ಬಳೆ ಸದ್ದಾಗುತ್ತದೆಂದು ಎಲ್ಲರ ಕೈಗೆ ಅರಿವೆ ಸುತ್ತಿಸಿದ್ದಳು. ಸೆಕೆಗೆ ಬೆವರು ಸುರಿಸುತ್ತಾ, ಒಬ್ಬರಾದ ಮೇಲೆ ಒಬ್ಬರು ಮಾತಾಡಬೇಕೆಂದು ಬೆರಳು ತೋರಿಸಿ ಮಾತಾಡಿಸಿದ್ದಳು. ಆ ವಿನಯದ ಮೂರನೆಯ ದನಿ ಬಂಡಮ್ಮನದು ಎಂದಾಗ ಸಲಾವುದ್ದೀನ್ ನಂಬಲೇ ಇಲ್ಲ.

"ನೀವೇ ಹೇಳಿದ್ರಲ್ರೀ, ಗದ್ದಲ ಬ್ಯಾಡಂತ," ಎಂದಳು. ಆಮೇಲೆ ತಡೆದು ಕೇಳಿದಳು: "ಬ್ಯಾಸರಾದಾಗ ಕೈ ಎತ್ತತೀರಿ. ಚಲೋ ಅನಸಿದಾಗ ಏನ ಮಾಡತೀರಿ?"

ವರ್ಷಗಟ್ಟಲೆ ಕೈ ಎತ್ತಿದ್ದೆವು, ಆದರೆ ಯಾವುದು ಚೆನ್ನಾಗಿದೆ ಎಂದು ಹೇಳುವ ಪದ್ಧತಿಯೇ ನಮ್ಮಲ್ಲಿರಲಿಲ್ಲ. ಚಹಾ ಹಿಡಿದು ಬಂದ ಸಕ್ಕೂಬಾಯಿಯವರು ಬಾಗಿಲಲ್ಲೇ ನಿಂತು ಹೇಳಿದರು: "ಅಗ ಬಾಯೀ, ಇವರನ್ನೇನ ಕೇಳತೀ? ನಾ ಒಳಗ ಚಪಾತಿ ಲಟ್ಟಸ್ತಿರತೀನಿ. ಚಲೋ ಇದ್ರ ನನ್ನ ಲಟ್ಟಣಗಿ ನಿಂದ್ರತದ. ಮೊನ್ನೆ ನಿನ್ನ ಕ್ಯಾಸೆಟ್ಟಿಗಿ ಒಮ್ಮೆ ನಿಂತಿತ್ತು."

ಎಲ್ಲಿ ಎಂದು ಎಲ್ಲರೂ ಒಟ್ಟಿಗೇ ಕೇಳಿದೆವು. ಹಳೆಯ ಕ್ಯಾಸೆಟ್ಟನ್ನು ಮತ್ತೆ ಹಾಕಿದೆವು. ಗಾಳಿ, ಹಾರ್ನು, ಕೋಳಿ. ಅವುಗಳ ನಡುವೆ, ಬಸ್ಸು ಹೊರಟ ಮೇಲೆ, ಯಾರೋ ಏದುಸಿರು ಬಿಡುತ್ತಾ "ಇವತ್ತ ಕಾಲೇ ಏಳವಲ್ವು" ಎಂದು ತಮ್ಮಷ್ಟಕ್ಕೆ ಅಂದುಕೊಂಡ ಮಾತು. ಹಿಂದಿನ ಸಲ ಅದು ನಮ್ಮ ಮೂವರ ಕಿವಿಗೂ ಬಿದ್ದಿರಲಿಲ್ಲ, ನಾವು ಕೈ ಎತ್ತಿಕೊಂಡು ಕೂತಿದ್ದೆವು. ದುಂಡಮ್ಮ ಮೆಲ್ಲಗೆ, "ಅದು ನಮ್ಮವ್ವ," ಎಂದಳು.

ಆ ದಿನ ಚಹಾ ಆರಿಹೋಯಿತು. ಗದ್ದಲ ತೆಗೆಯುವುದಲ್ಲ, ದನಿಯ ಹತ್ತಿರ ಹೋಗಬೇಕು ಎಂದ ಸಲಾವುದ್ದೀನ್. ಮಿಲ್ಲಿನಲ್ಲಿ ಇಷ್ಟು ಸದ್ದಿದ್ದರೂ ಪಕ್ಕದವನು ಕಿವಿಯ ಹತ್ತಿರ ಬಂದರೆ ಮಾತು ತಿಳಿಯುತ್ತದಲ್ಲ, ಹಾಗೆ. ಗಾಳಿಗೆ ಮೈಕಿನ ಮೇಲೆ ಕಾಲುಚೀಲ ಹಾಕು ಎಂದ. ಹತ್ತು ಬಸ್ಸು ಬೇಡ, ಒಂದೇ ಬಸ್ಸು ಬರಲಿ, ಹೋಗಲಿ ಎಂದರು ವಿಠ್ಠಲರಾಯರು. ಆದರೆ ಬಸ್ಸಿಗೆ ಓಡುವವರ ಹತ್ತಿರ ಹೋಗುವುದು ಹೇಗೆ? ಮೈಕು ಹಿಡಿದು ಓಡಿದರೆ ಅವರು ಮಾರುವುದು ಬಿಟ್ಟು ಮೈಕನ್ನೇ ನೋಡುತ್ತಾರೆ.

ದುಂಡಮ್ಮ, "ಬುಟ್ಟಿ ಹ್ಯಾಂಗೂ ಬಸ್ಸಿನ ತನಕ ಹೋಗತದ," ಎಂದಳು. "ನಾ ಯಾಕ ಓಡಲಿ?"

ಮುಂದಿನ ರವಿವಾರ ನಾನು, ಸಲಾವುದ್ದೀನ್ ಕಮಲಾಪುರಕ್ಕೆ ಹೋದೆವು. ಬಂಡಮ್ಮನ ಬುಟ್ಟಿಯಲ್ಲಿ ಹಣ್ಣಿನ ನಡುವೆ ಟೇಪ್ ರೆಕಾರ್ಡರ್ ಇಟ್ಟು, ಬಾಳೆ ಎಲೆ ಮುಚ್ಚಿ, ಕಾಲುಚೀಲ ತೊಟ್ಟ ಮೈಕನ್ನು ಬುಟ್ಟಿಯ ಅಂಚಿಗೆ, ಅವಳ ಬಾಯಿಯ ನೇರಕ್ಕೆ ಕಟ್ಟಿದೆವು. ಬಂಡಮ್ಮ ಅದರ ಭಾರಕ್ಕೆ ಮೊದಲು ಗೊಣಗಿದಳು. ಆಮೇಲೆ ಬಸ್ಸಿನ ಸದ್ದು ಕೇಳಿದ್ದೇ ಎಲ್ಲವನ್ನೂ ಮರೆತು ಓಡಿದಳು. ನಾವು ಬೇವಿನ ಮರದ ಕೆಳಗೆ ನಿಂತು ನೋಡುತ್ತಿದ್ದೆವು. ಒಬ್ಬ ಪ್ರಯಾಣಿಕ ಹಣ್ಣು ಆರಿಸಲು ಎಲೆ ಸರಿಸಿ, ಇದೂ ಮಾರಲಿಕ್ಕೇ ಏನು ಎಂದು ಕೇಳಿದ. ಬಂಡಮ್ಮ, ಮೊದಲು ಹಣ್ಣು ತಗೋ, ಅದು ನಿನ್ನ ಕೈಗೆ ಹತ್ತುವುದಲ್ಲ ಎಂದಳು. ಮತ್ತೊಬ್ಬ ಹಣ್ಣು ತೆಗೆದುಕೊಂಡು ಜೇಬಿಗೆ ಕೈ ಹಾಕುವಷ್ಟರಲ್ಲಿ ಬಸ್ಸು ಹೊರಟಿತು. ಬಂಡಮ್ಮ ಬುಟ್ಟಿ ಹೊತ್ತೇ ಅದರ ಹಿಂದೆ ಓಡಿ, ಏಳು ಊರಿಗೆ ಕೇಳುವಂತೆ ಡ್ರೈವರನಿಗೆ ಕೂಗಿ ಹೇಳಿದಳು: "ನಿನ್ನ ಗಾಲಿ ಬಿಚ್ಚಿ ಬೀಳಲಿ! ಹುಮನಾಬಾದ ತನಕ ನೀನೇ ಬಸ್ಸು ನೂಕ್ಕೋತ ಹೋಗು!"

ಎಲ್ಲವೂ ಕ್ಯಾಸೆಟ್ಟಿಗೆ ಬಂದಿತ್ತು. ಅವಳ ಉಸಿರು, ಬಳೆ, ಹಿಂದೆ ಓಡಿಬರುವವರ ಚಪ್ಪಲಿ, ಬಸ್ಸಿನ ಗುಡುಗು, ಕಿಟಕಿಯಿಂದ ಇಳಿದು ಬರುವ ಚೌಕಾಸಿಯ ಮಾತು. ದುಂಡಮ್ಮ ಎರಡು ಯಂತ್ರ ಎದುರುಬದುರು ಇಟ್ಟುಕೊಂಡು, ಬೇಕಾದಷ್ಟನ್ನು ಒಂದರಿಂದ ಇನ್ನೊಂದಕ್ಕೆ ಇಳಿಸಿದಳು. ತಾಯಿಯ ಕಾಲು ಏಳದ ಮಾತನ್ನೂ ಹಳೆಯ ಕ್ಯಾಸೆಟ್ಟಿನಿಂದ ತಂದು ಸೇರಿಸಿದಳು.

ದಸರೆಗೆ ಒಂದು ವಾರವಿದ್ದಾಗ ಅದನ್ನು ಕೇಳಲು ಕೂತೆವು. ಈಗ ನಮ್ಮ ಪದ್ಧತಿಗೆ ಹೊಸದೊಂದು ಸೇರಿತ್ತು: ಚೆನ್ನಾಗಿದೆ ಅನಿಸಿದಲ್ಲಿ ತೊಡೆ ತಟ್ಟಬೇಕು. ತಟ್ಟಿದೆವು, ಬಹಳ ಸಲ ತಟ್ಟಿದೆವು. ಸಕ್ಕೂಬಾಯಿಯವರು ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತರು. ಕೈ ಎದ್ದದ್ದು ಎರಡೇ ಕಡೆ. ಒಂದು, ಅವಳೇ ನಡುವೆ ಬಂದು, "ಕಮಲಾಪುರದ ಮಹಿಳೆಯರು ಶ್ರಮಜೀವಿಗಳು" ಎಂದು ವಾರ್ತೆ ಓದುವ ದನಿಯಲ್ಲಿ ಹೇಳಿದ ವಾಕ್ಯಕ್ಕೆ. ಓಡುವವರ ಉಸಿರು ಕೇಳಿದ ಮೇಲೆ ಆ ಮಾತು ಬೇಕೇ ಎಂದು ನಾನು ಕೇಳಿದೆ. ನಿಘಂಟು ನೋಡಿ ಬರೆದಿದ್ದೆ ಎಂದು ಸ್ವಲ್ಪ ಸಪ್ಪಗಾದಳು, ಆದರೆ ತೆಗೆಯಲು ಒಪ್ಪಿದಳು.

ಎರಡನೆಯ ಕೈ ವಿಠ್ಠಲರಾಯರದು, ಬಂಡಮ್ಮನ ಶಾಪಕ್ಕೆ.

"ಸರಕಾರದ ರೇಡಿಯೋದಾಗ ಸರಕಾರದ ಬಸ್ಸಿಗಿ ಶಾಪ ಹಾಕಿದ್ರ ತಗೋತಾರೇನು?" ಎಂದರು. "ಇದೊಂದಕ್ಕ ವಾಪಸ್ ಬರತದ ನೋಡು. ದಸರಾ ಆದಮ್ಯಾಲ ಮತ್ತ ಅವಕಾಶ ಇಲ್ಲ."

ಅವರ ಮಾತಿನಲ್ಲಿ ಹುರುಳಿತ್ತು. ಸಲಾವುದ್ದೀನನೂ, ನಾನೂ ಅವರ ಕಡೆಗೇ ವಾಲಿದೆವು. ದುಂಡಮ್ಮ ಗೋಡೆಯನ್ನೇ ನೋಡುತ್ತಾ ಹೇಳಿದಳು: "ಇಷ್ಟ ದಿನ ನಿಮ್ಮ ಎಲ್ಲಾ ಮಾತು ಕೇಳೀನ್ರೀ. ಕೌದಿ ಕಟ್ಟಿದ್ದೂ ನಿಮ್ಮ ಮಾತು ಕೇಳೇ. ಇದೊಂದು ಬಿಡಂಗಿಲ್ಲ. ಇದ ತಗದ್ರ ಅದರಾಗ ಬಂಡಕ್ಕ ಇರಂಗಿಲ್ಲ. ಅಕಿನ ದನಿ ಬರತದಂತ ಮಾತ ಕೊಟ್ಟೀನಿ, ಬ್ಯಾರೆ ಯಾರದೋ ದನಿ ಅಲ್ಲ."

ಯಾರೂ ಮತ್ತೆ ಒತ್ತಾಯ ಮಾಡಲಿಲ್ಲ. ಮರುದಿನ ನಾನೇ ಅವಳ ಜೊತೆ ಕೇಂದ್ರಕ್ಕೆ ಹೋದೆ. ಅಧಿಕಾರಿಗಳು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೇಳಿದರು. ಮುಖ ನೋಡಿ ಏನೂ ತಿಳಿಯುವಂತಿರಲಿಲ್ಲ. ಕೊನೆಯ ಹೊತ್ತಿಗೆ ಯಂತ್ರ ನಿಲ್ಲಿಸಿದರು. ದುಂಡಮ್ಮ ನನ್ನನ್ನು ನೋಡಿದಳು. ಅವರು ಕ್ಯಾಸೆಟ್ಟನ್ನು ಸ್ವಲ್ಪ ಹಿಂದಕ್ಕೆ ತಿರುಗಿಸಿ, ಅದೇ ಜಾಗವನ್ನು ಇನ್ನೊಮ್ಮೆ ಕೇಳಿ, ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡು ನಕ್ಕರು. ಆಮೇಲೆ ಗಂಭೀರವಾಗಿ, ದೀಪಾವಳಿಯ ಮುಂಚೆ ಪ್ರಸಾರವಾಗುತ್ತದೆ ಎಂದು ದಿನ ಹೇಳಿದರು.

ಪ್ರಸಾರದ ಸಂಜೆ ನಾವು ಮೂವರೂ ಕಮಲಾಪುರದಲ್ಲಿದ್ದೆವು. ಬೇವಿನ ಮರದ ಕೆಳಗೆ ಬಂಡಮ್ಮ ರೇಡಿಯೋಕ್ಕೆ ಹೊಸ ಸೆಲ್ಲು ಹಾಕಿ ತನ್ನ ಮುಂದೆಯೇ ಇಟ್ಟುಕೊಂಡಿದ್ದಳು. ಹೆಂಗಸರು ಬುಟ್ಟಿ ಪಕ್ಕಕ್ಕಿಟ್ಟು ಸುತ್ತ ಕೂತರು. ದುಂಡಮ್ಮ ಅಭ್ಯಾಸಬಲದಿಂದಲೋ ಏನೋ, ಮರದ ಕಡೆಗೆ ಮುಖ ಮಾಡಿ ನಿಂತಳು. ಕಾರ್ಯಕ್ರಮದ ಹೆಸರು ಹೇಳಿದರು. ಆಮೇಲೆ ರೇಡಿಯೋದೊಳಗೆ, ದೂರದಿಂದ, ಬಸ್ಸು ಬರುವ ಸದ್ದು. ಅದು ಹತ್ತಿರವಾದದ್ದೇ, ಹಿಂದಿನ ಸಾಲಿನಲ್ಲಿದ್ದ ಇಬ್ಬರು ಮುದುಕಿಯರು ಬುಟ್ಟಿ ಎತ್ತಿಕೊಂಡು ಎದ್ದೇಬಿಟ್ಟರು. ರಸ್ತೆ ಖಾಲಿ ಇತ್ತು. ಒಬ್ಬಾಕೆ ಎರಡು ಹೆಜ್ಜೆ ಓಡಿದ ಮೇಲೆ ನಿಂತು, ಸುತ್ತ ನೋಡಿ, ಬುಟ್ಟಿಯನ್ನು ತಲೆಯ ಮೇಲಿಟ್ಟುಕೊಂಡೇ ಮತ್ತೆ ಕೂತಳು. ನಗು ಅಡಗುವಷ್ಟರಲ್ಲಿ ಅರ್ಧ ನಿಮಿಷ ಹೋಗಿತ್ತು. ಬಂಡಮ್ಮ ಎಲ್ಲರನ್ನೂ ಗದರಿ ಸುಮ್ಮನಾಗಿಸಿದಳು. ತನ್ನ ಶಾಪ ಬಂದಾಗ ಮಾತ್ರ ತಾನೇ ರೇಡಿಯೋದ ಜೊತೆಗೆ ಅದನ್ನು ಇನ್ನೊಮ್ಮೆ ಹೇಳಿದಳು.

ಮುಗಿದ ಮೇಲೆ ಅವಳು ರೇಡಿಯೋ ಆರಿಸಿ ದುಂಡಮ್ಮನನ್ನು ಕರೆದಳು.

"ಎಲ್ಲಾ ಖರೇ ಬಂದಾದ," ಎಂದಳು. "ಆದ್ರ ಖರೇ ಹೇಳು, ನಾ ಇಷ್ಟ ಸಣ್ಣ ದನೀಲೆ ಮಾತಾಡತೀನೇನು? ಮುಂದಿನ ಸಲ ಇನ್ನಷ್ಟ ಜೋರ ಹಿಡಿ."

ದುಂಡಮ್ಮ ತಲೆಯಾಡಿಸಿ, ಆ ಮಾತನ್ನೂ ಬರೆದುಕೊಂಡಳು.

ಇದಾಗಿ ಹದಿಮೂರು ವರ್ಷ ಕಳೆದಿವೆ. ಈಗ ದುಂಡಮ್ಮ ಕಮಲಾಪುರದ ಅಂಗನವಾಡಿಯಲ್ಲಿ ಕಾರ್ಯಕರ್ತೆ. ವರ್ಷಕ್ಕೆ ನಾಲ್ಕೈದು ಕಾರ್ಯಕ್ರಮ ಮಾಡಿ ರೇಡಿಯೋಕ್ಕೆ ಕೊಡುತ್ತಾಳೆ, ರವಿವಾರ ಕಲಬುರ್ಗಿಗೆ ಬಂದು ಹೊಸಬರು ಮಾಡಿದ್ದನ್ನು ಕೇಳಿ ತಿದ್ದುತ್ತಾಳೆ.